ಸನ್ಮಾನ್ಯ ಶ್ರೀ ಉಷ್ಣ ಅವರಿಗೊಂದು ಬಹಿರಂಗ ಪತ್ರ

ವಿಷಯ: ಬಾಯೊಳಗಿನ ಬಿಳಿ ಮಚ್ಚೆಗಳ ಮೇಲೆ ತಮಗಿರುವ ಅಧಿಕಾರಾವಧಿಯನ್ನು ಎರಡು ವಾರಕ್ಕೆ ಸೀಮಿತಗೊಳಿಸುವ ಬಗ್ಗೆ.

ಸನ್ಮಾನ್ಯರೇ,

ಉಭಯಕುಶಲೋಪರಿ ಸಾಂಪ್ರತ. ತಾವು ಕ್ಷೇಮವೇ ಎಂದು ಬೇರೆ ವಿಚಾರಿಸಬೇಕಾಗಿಲ್ಲ. ಕರ್ನಾಟಕದ ಯಾವ ಮನೆಯ ಜಗಲಿಯಲ್ಲಿ ಕೂತರೂ ಗಳಿಗೆಗೊಮ್ಮೆ ತಮ್ಮ ಹೆಸರು ಕಿವಿಗೆ ಬೀಳುತ್ತದೆ. ಕಣ್ಣು ಕೆಂಪಾದರೆ ಉಷ್ಣ. ಅಂಗಾಲು ಉರಿದರೆ ಉಷ್ಣ. ಮುಖದಲ್ಲಿ ಮೊಡವೆ ಎದ್ದರೆ, ಮೂಗಿನಲ್ಲಿ ರಕ್ತ ಒಸರಿದರೆ, ಮಗು ರಾತ್ರಿಯಿಡೀ ರಚ್ಚೆ ಹಿಡಿದರೆ ಉಷ್ಣ. ಓದು ತಲೆಗೆ ಹತ್ತದ ಹುಡುಗನ ನೆತ್ತಿಗೆ ಹರಳೆಣ್ಣೆ ತಟ್ಟುವುದೂ ತಮ್ಮನ್ನು ಇಳಿಸಲಿಕ್ಕೇ. ಇಷ್ಟೊಂದು ಖಾತೆಗಳನ್ನು ಒಬ್ಬರೇ ನಿಭಾಯಿಸುವ ಮಂತ್ರಿ ವಿಧಾನಸೌಧದಲ್ಲಿ ಹುಡುಕಿದರೂ ಸಿಗಲಾರರು. ರಕ್ತಪರೀಕ್ಷೆಯಲ್ಲಿ ತಾವು ಕಾಣಿಸುವುದಿಲ್ಲ, ಎಕ್ಸ್‌ರೇಯಲ್ಲಿ ಮೂಡುವುದಿಲ್ಲ, ಥರ್ಮಾಮೀಟರಿನ ಕೈಗೂ ಸಿಗುವುದಿಲ್ಲ. ಆದರೂ ತಮ್ಮ ಇರುವಿಕೆಯನ್ನು ಶಂಕಿಸಿದ ಸೊಸೆಗೆ ಆ ಹೊತ್ತಿನ ಕಾಫಿ ಸಿಗುವುದು ಕಷ್ಟ.

ಅಷ್ಟೂ ಖಾತೆಗಳ ಬಗ್ಗೆ ನನ್ನ ತಕರಾರಿಲ್ಲ. ಅಂಗಾಲು ತಮ್ಮದೇ ಇರಲಿ, ನೆತ್ತಿಯೂ ತಮ್ಮದೇ ಇರಲಿ. ಈ ಪತ್ರ ಬಾಯಿಗೆ ಮಾತ್ರ ಸಂಬಂಧಿಸಿದ್ದು. ಅದರಲ್ಲೂ ಕೆನ್ನೆಯ ಒಳಬದಿಯಲ್ಲಿ, ನಾಲಗೆಯ ಅಂಚಿನಲ್ಲಿ, ವಸಡಿನ ಮೇಲೆ ಸದ್ದಿಲ್ಲದೆ ಕಾಣಿಸಿಕೊಳ್ಳುವ ಬಿಳಿ ಮಚ್ಚೆಗೆ. ಹಲ್ಲುಜ್ಜುವಾಗ ಅದನ್ನು ಕಂಡವರು ಮನೆಯಲ್ಲಿ ಹೇಳುತ್ತಾರೆ. ಬಾಯಿ ತೆರೆಸಿ ನೋಡುವ ಮೊದಲೇ ಮನೆಮಂದಿ ತಮ್ಮ ಹೆಸರು ಹೇಳಿ ಮುಗಿಸಿರುತ್ತಾರೆ. ಮರುದಿನದಿಂದ ಎಳನೀರು, ಕಾಮಕಸ್ತೂರಿ ಬೀಜ ನೆನೆಸಿದ ನೀರು, ಕೊತ್ತಂಬರಿ ಕಷಾಯ, ಮೆಂತ್ಯ ಹಾಕಿದ ಮಜ್ಜಿಗೆ, ಒಂದೆಲಗದ ತಂಬುಳಿ. ಜೊತೆಗೆ ಮೆಡಿಕಲ್ ಶಾಪಿನವರು ಚೀಟಿ ಕೇಳದೆ ಕತ್ತರಿಸಿ ಕೊಡುವ ಬಿ-ಕಾಂಪ್ಲೆಕ್ಸ್. ಊಟ ಸೊಗಸಾಗುತ್ತದೆ, ಮೂತ್ರ ಹಳದಿಯಾಗುತ್ತದೆ, ಮಚ್ಚೆ ಅಲ್ಲೇ ಇರುತ್ತದೆ.

ತಮಗೆ ಈ ಖಾತೆ ದಕ್ಕಿದ್ದು ಹೇಗೆಂದು ಯೋಚಿಸಿದ್ದೇನೆ. ಅದಕ್ಕೆ ಕಾರಣ ಬಾಯಿ ಹುಣ್ಣು. ಸಾಮಾನ್ಯ ಬಾಯಿ ಹುಣ್ಣು ಬಲು ಗಲಾಟೆಯದು. ಉಪ್ಪಿನಕಾಯಿ ತಾಗಿದರೆ ಜೀವ ಹೋದಂತಾಗುತ್ತದೆ. ಆದರೆ ಏನು ಮಾಡಿದರೂ, ಏನೂ ಮಾಡದಿದ್ದರೂ, ಅದು ಬಹುಮಟ್ಟಿಗೆ ಹತ್ತು-ಹದಿನಾಲ್ಕು ದಿನಗಳಲ್ಲಿ ತಾನಾಗಿಯೇ ಮಾಯುತ್ತದೆ. ಮೂರನೇ ದಿನ ಎಳನೀರು ಶುರು ಮಾಡಿದವರಿಗೆ ಹತ್ತನೇ ದಿನ ವಾಸಿ. ಕೀರ್ತಿ ಎಳನೀರಿಗೆ, ಆರೋಪ ತಮಗೆ. ಅಜ್ಜಿಯಂದಿರ ಕಾಲದಿಂದ ಹೀಗೆ ಲೆಕ್ಕವಿಲ್ಲದಷ್ಟು ಪ್ರಕರಣಗಳು ತಮ್ಮ ಹೆಸರಿನಲ್ಲಿ ಇತ್ಯರ್ಥವಾಗಿವೆ. ಆ ದಾಖಲೆಯ ಬಲದ ಮೇಲೆಯೇ ಪಕ್ಕದ ಬಿಳಿ ಮಚ್ಚೆಯ ಉಸ್ತುವಾರಿಯೂ ಹೆಚ್ಚುವರಿಯಾಗಿ ತಮ್ಮ ಪಾಲಿಗೆ ಬಂತು. ಮಚ್ಚೆ ನೋಯುವುದಿಲ್ಲ, ಊಟಕ್ಕೆ ಅಡ್ಡಿ ಮಾಡುವುದಿಲ್ಲ. ನೋವಿಲ್ಲದ್ದಕ್ಕೆ ಡಾಕ್ಟರ ಹತ್ತಿರ ಹೋಗುವವರನ್ನು ನಮ್ಮಲ್ಲಿ ದುಡ್ಡು ಹೆಚ್ಚಾದವರು ಎನ್ನುತ್ತಾರೆ. ಹಾಗಾಗಿ ನೋಯುವ ಹುಣ್ಣು ಎರಡು ವಾರದಲ್ಲಿ ಹೊರಟುಹೋಗುತ್ತದೆ, ನೋಯದ ಮಚ್ಚೆ ಎರಡು ವರ್ಷ ಠಿಕಾಣಿ ಹೂಡುತ್ತದೆ, ಮನೆಯವರ ಕಾಳಜಿಯೆಲ್ಲ ಹುಣ್ಣಿಗೇ ಖರ್ಚಾಗುತ್ತದೆ.

ತಮಗೆ ಅನ್ಯಾಯವಾಗಬಾರದು. ಬಾಯಲ್ಲಿ ಕಾಣುವ ಬಿಳಿಯೆಲ್ಲ ಅಪಾಯದ್ದಲ್ಲ ಎಂಬುದನ್ನು ಮೊದಲೇ ಒಪ್ಪುತ್ತೇನೆ. ಮೇಲಿನ ಹಲ್ಲು ಕೆಳಗಿನ ಹಲ್ಲು ಕೂಡುವ ಮಟ್ಟದಲ್ಲಿ ಕೆನ್ನೆಯ ಒಳಗೆ ಉದ್ದಕ್ಕೆ ಎಳೆದ ಬಿಳಿ ಗೆರೆ ಎಷ್ಟೋ ಮಂದಿಯಲ್ಲಿ ಇರುತ್ತದೆ. ಅದು ಹಲ್ಲುಗಳ ಒತ್ತಡದ ಗುರುತಷ್ಟೇ. ಮುರಿದ ಹಲ್ಲಿನ ಚೂಪು ಅಂಚು, ಸರಿಯಾಗಿ ಕೂರದ ಹಲ್ಲಿನ ಸೆಟ್ಟು, ಯೋಚನೆಗೆ ಬಿದ್ದಾಗ ಕೆನ್ನೆ ಕಚ್ಚುವ ಚಾಳಿ, ಇವೂ ಚರ್ಮವನ್ನು ದಪ್ಪಗಾಗಿಸಿ ಬಿಳಿ ಮಾಡುತ್ತವೆ. ಹಲ್ಲುನೋವಿಗೆ ಆಸ್ಪಿರಿನ್ ಮಾತ್ರೆಯನ್ನು ನುಂಗುವ ಬದಲು ವಸಡಿಗೆ ಒತ್ತಿಟ್ಟುಕೊಂಡವರ ಬಾಯಲ್ಲಿ ಸುಟ್ಟ ಬಿಳಿ ಪೊರೆ ಏಳುತ್ತದೆ. ಸುಣ್ಣ ಹೆಚ್ಚಾದ ಎಲೆಅಡಿಕೆಯಿಂದಲೂ ಅಷ್ಟೇ. ಹಸುಗೂಸಿನ ಬಾಯಲ್ಲಿ, ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರಲ್ಲಿ, ಆಂಟಿಬಯಾಟಿಕ್ ಬಹಳ ದಿನ ತೆಗೆದುಕೊಂಡವರಲ್ಲಿ, ಉಬ್ಬಸಕ್ಕೆ ಸ್ಟಿರಾಯ್ಡ್ ಇನ್ಹೇಲರ್ ಎಳೆದು ಬಾಯಿ ಮುಕ್ಕಳಿಸದವರಲ್ಲಿ ಕ್ಯಾಂಡಿಡಾ ಎಂಬ ಶಿಲೀಂಧ್ರ ಒಡೆದ ಮೊಸರಿನಂತೆ ಹರಡುತ್ತದೆ. ಬಟ್ಟೆಯಿಂದ ಒರೆಸಿದರೆ ಅದು ಸಾಮಾನ್ಯವಾಗಿ ಎದ್ದು ಬರುತ್ತದೆ, ಕೆಳಗೆ ಕೆಂಪು ಕಾಣುತ್ತದೆ. ಎರಡೂ ಕೆನ್ನೆಗಳಲ್ಲಿ ಜಾಲರಿಯ ಹಾಗೆ ಗೆರೆಗಳು ಹೆಣೆದುಕೊಂಡರೆ ಲೈಕೆನ್ ಪ್ಲೇನಸ್ ಇರಬಹುದು. ಅದರಲ್ಲಿ ಕ್ಯಾನ್ಸರಿಗೆ ತಿರುಗುವುದು ನೂರಕ್ಕೆ ಒಂದರ ಆಸುಪಾಸು, ಆದರೂ ಆಗಾಗ ತೋರಿಸಿಕೊಳ್ಳುತ್ತಿರಬೇಕು.

ಗಮನಿಸಿ: ಈ ಪಟ್ಟಿಯಲ್ಲಿ ಪ್ರತಿಯೊಂದಕ್ಕೂ ಅದರದೇ ಕಾರಣವಿದೆ, ಅದರದೇ ಜಾಗವಿದೆ, ಅದರದೇ ಉಪಾಯವಿದೆ. ತಮ್ಮ ಹೆಸರು ಎಲ್ಲೂ ಬರಲಿಲ್ಲ. ಬೇಸರ ಬೇಡ, ಆಯುರ್ವೇದದ ಪಂಡಿತರೂ ತಮ್ಮ ಪರವಾಗಿ ಸಾಕ್ಷಿ ನುಡಿಯುವುದು ಅನುಮಾನ. ಅವರ ಅಷ್ಟಸ್ಥಾನ ಪರೀಕ್ಷೆಯಲ್ಲಿ ನಾಡಿಯ ಜೊತೆಗೆ ಜಿಹ್ವೆಯೂ ಒಂದು. ಅಂದರೆ ರೋಗಿಯ ನಾಲಗೆ ನೋಡಿದ ಮೇಲೆಯೇ ಅವರು ಬಾಯಿ ಬಿಡುವವರು. ನೋಡದೆಯೇ ಹೇಳುವ ಪದ್ಧತಿ ತಮ್ಮದು ಮಾತ್ರ.

ಇವೆಲ್ಲ ಕಳೆದು, ಒರೆಸಿದರೆ ಹೋಗದ, ಯಾವ ಕಾರಣಕ್ಕೂ ಕಟ್ಟುಬೀಳದ ಮಚ್ಚೆ ಉಳಿದರೆ ಅದಕ್ಕೆ ಲ್ಯೂಕೋಪ್ಲೇಕಿಯಾ ಎನ್ನುತ್ತಾರೆ. ಬುಡಾಪೆಸ್ಟಿನ ಚರ್ಮವೈದ್ಯ ಶ್ವಿಮ್ಮರ್ 1877ರಲ್ಲಿ ಇಟ್ಟ ಹೆಸರದು. ವಿಶ್ವ ಆರೋಗ್ಯ ಸಂಸ್ಥೆ 1978ರಲ್ಲಿ ಕೊಟ್ಟ ವ್ಯಾಖ್ಯೆಯ ತಾತ್ಪರ್ಯವೂ ಅಷ್ಟೇ: ಬೇರೆ ಯಾವ ರೋಗವೆಂದೂ ಗುರುತಿಸಲಾಗದ ಬಿಳಿ ಮಚ್ಚೆ. ಇಲ್ಲಿ ತಾವು ಎದ್ದು ನಿಂತು ಆಕ್ಷೇಪ ಎತ್ತಬಹುದು. ‘ಗೊತ್ತಾಗದ್ದಕ್ಕೆಲ್ಲ ಒಂದು ಹೆಸರು ಇಡುವುದಾದರೆ ನಾನೇ ಇರಲಿಲ್ಲವೇ, ಬುಡಾಪೆಸ್ಟಿನಿಂದ ಯಾಕೆ ತರಿಸಿದಿರಿ?’ ನ್ಯಾಯವಾದ ಪ್ರಶ್ನೆ. ಎರಡೂ ಹೆಸರು ಉಳಿಕೆಗೇ ಅಂಟಿಸಿದ ಚೀಟಿಗಳು. ಆದರೆ ವೈದ್ಯರು ಚೂಪು ಹಲ್ಲು ತೇಯ್ದು, ಸೆಟ್ಟು ಸರಿಪಡಿಸಿ, ಶಿಲೀಂಧ್ರಕ್ಕೆ ಔಷಧಿ ಹಾಕಿ, ಎರಡು ವಾರ ಕಾದು, ಆಮೇಲೂ ಹೋಗದಿದ್ದರೆ ಚೂರು ಚರ್ಮ ತೆಗೆದು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡುತ್ತಾರೆ. ಅವರ ಚೀಟಿ ಹುಡುಕಾಟದ ಕೊನೆಯಲ್ಲಿ ಅಂಟುತ್ತದೆ. ತಮ್ಮದು ಅಂಟಿದ ಗಳಿಗೆಯಲ್ಲೇ ಹುಡುಕಾಟ ನಿಲ್ಲುತ್ತದೆ.

ನಿಂತರೆ ಏನಾಗುತ್ತದೆ? ಬಹಳ ಸಲ ಏನೂ ಆಗುವುದಿಲ್ಲ. ತಮ್ಮ ದೊಡ್ಡ ಬಲವೇ ಅದು. ಲ್ಯೂಕೋಪ್ಲೇಕಿಯಾ ಇದ್ದವರಲ್ಲಿ ಎಷ್ಟು ಜನಕ್ಕೆ ಮುಂದೆ ಕ್ಯಾನ್ಸರ್ ಬರುತ್ತದೆ ಎಂಬ ಲೆಕ್ಕ ಊರಿಂದೂರಿಗೆ ಬದಲಾಗುತ್ತದೆ. ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿದವರು ನೂರಕ್ಕೆ ಮೂರು-ನಾಲ್ಕರಿಂದ ಹತ್ತರವರೆಗೆ ಎನ್ನುತ್ತಾರೆ. ಮೇಲಿನ ಲೆಕ್ಕ ಹಿಡಿದರೂ ತೊಂಬತ್ತು ಮಂದಿ ಕ್ಷೇಮ. ಆ ತೊಂಬತ್ತು ಮಂದಿಯೂ ತಮ್ಮ ಪರ ಸಾಕ್ಷಿಗಳೇ. ‘ನಮ್ಮ ಚಿಕ್ಕಪ್ಪನಿಗೂ ಹೀಗೇ ಇತ್ತು, ಉಷ್ಣ ಅಂತ ಬಿಟ್ಟೆವು, ಗುಂಡುಕಲ್ಲಿನ ಹಾಗಿದ್ದಾರೆ’ ಎಂದು ಕಟ್ಟೆಯ ಮೇಲೆ ಕೂತು ಹೇಳುತ್ತಾರೆ. ಉಳಿದ ಹತ್ತು ಮಂದಿಯ ಪೈಕಿ ಕಟ್ಟೆಗೆ ಬಂದು ಮಾತಾಡುವ ಸ್ಥಿತಿಯಲ್ಲಿರುವವರು ಕಡಿಮೆ. ಕೆಲವರಿಗೆ ಮಾತಾಡುವ ನಾಲಗೆಯೇ ಪೂರ್ತಿ ಉಳಿದಿರುವುದಿಲ್ಲ.

ತೊಂಬತ್ತರಲ್ಲಿ ನಾನೋ ಹತ್ತರಲ್ಲಿ ನಾನೋ ಎಂಬುದನ್ನು ಕನ್ನಡಿ ಹೇಳುವುದಿಲ್ಲ, ಅಜ್ಜಿಯೂ ಹೇಳಲಾರಳು. ಅನುಭವಿ ಕಣ್ಣಿಗೆ ಕೆಲವು ಸುಳಿವುಗಳು ಸಿಗುತ್ತವೆ. ತೆಳ್ಳಗೆ ಒಂದೇ ಸಮನಾಗಿರುವ ಬಿಳಿಗಿಂತ ಕೆಂಪು-ಬಿಳಿ ಬೆರೆತದ್ದು, ಗಂಟುಗಂಟಾದದ್ದು, ನರೂಲಿಯ ಹಾಗೆ ಒರಟಾಗಿ ಬೆಳೆದದ್ದು ಹೆಚ್ಚು ಅಪಾಯದ್ದು. ನಾಲಗೆಯ ಪಕ್ಕದ ಅಂಚು, ನಾಲಗೆಯ ಕೆಳಗಿನ ನೆಲ, ಇವು ಅಪಾಯದ ಜಾಗಗಳು. ಬಿಳಿ ಇಲ್ಲದೆ ಬರೀ ಮಖಮಲ್ಲಿನಂಥ ಕೆಂಪು ಮಚ್ಚೆ ಅಪರೂಪ. ಆದರೆ ಕಂಡರೆ ಬಿಳಿಗಿಂತ ಬೇಗ ಓಡಬೇಕು, ಪರೀಕ್ಷೆಗೆ ಕಳಿಸುವ ಹೊತ್ತಿಗಾಗಲೇ ಅದು ಬಹಳ ಸಲ ಕ್ಯಾನ್ಸರ್ ಆಗಿರುತ್ತದೆ ಅಥವಾ ಅದರ ಹೊಸ್ತಿಲಲ್ಲಿರುತ್ತದೆ. ಇನ್ನೊಂದು ವಿಚಿತ್ರವಿದೆ. ಬೀಡಿ, ಹೊಗೆಸೊಪ್ಪು ಯಾವುದನ್ನೂ ಮುಟ್ಟದವರಲ್ಲಿ ಲ್ಯೂಕೋಪ್ಲೇಕಿಯಾ ಕಂಡರೆ ಅದು ಕ್ಯಾನ್ಸರಿಗೆ ತಿರುಗುವ ಸಂಭವ ಚಟ ಇರುವವರಿಗಿಂತ ಹೆಚ್ಚು. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ‘ನಮ್ಮ ಅತ್ತಿಗೆ ಕಾಫಿಯನ್ನೂ ಕುಡಿಯುವವರಲ್ಲ, ಅವರಿಗೆ ಇನ್ನೇನು ಇರುತ್ತದೆ, ಉಷ್ಣವೇ’ ಎಂದು ತಮ್ಮ ಮಡಿಲಿಗೆ ಹಾಕುವ ಪ್ರಕರಣಗಳಿವೆಯಲ್ಲ, ಮೊದಲು ತಮ್ಮ ಕೈತಪ್ಪಬೇಕಾದದ್ದು ಅವೇ.

ಸುಳಿವು ಎಷ್ಟಿದ್ದರೂ ಕೊನೆಯ ಮಾತು ಬಯಾಪ್ಸಿಯದು. ಹಲ್ಲು ಕೀಳುವಾಗ ಕೊಡುವಂಥ ಮರಗಟ್ಟಿಸುವ ಸೂಜಿ, ಒಂದು ಸಣ್ಣ ಚೂರು, ಒಂದೆರಡು ಹೊಲಿಗೆ. ಜೀವಕೋಶಗಳು ಹಾದಿ ತಪ್ಪಿವೆಯೇ, ಎಷ್ಟು ತಪ್ಪಿವೆ ಎಂಬುದು ಅದರಲ್ಲಿ ತಿಳಿಯುತ್ತದೆ. ‘ಕತ್ತಿ ತಾಗಿಸಿದರೆ ಕ್ಯಾನ್ಸರ್ ಹರಡುತ್ತದೆ’ ಎಂಬ ಸುದ್ದಿಯನ್ನು ಹಬ್ಬಿಸಿದವರು ತಮ್ಮ ಕಚೇರಿಯವರೇ ಇರಬೇಕು. ಚೂರು ತೆಗೆದದ್ದರಿಂದ ಬಾಯಿಯ ಮಚ್ಚೆ ಹರಡುವುದಿಲ್ಲ. ತೆಗೆಯದೆ ಕೂತದ್ದರಿಂದ ಹರಡಿದ್ದು ಮಾತ್ರ ಧಾರಾಳವಾಗಿದೆ.

ಈಗ ತಮ್ಮ ಆಪ್ತವಲಯದ ವಿಚಾರ. ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯ ನಮ್ಮದು. ತಾಂಬೂಲವಿಲ್ಲದೆ ಮದುವೆ ನಿಶ್ಚಯವಾಗುವುದಿಲ್ಲ. ಮಲೆನಾಡಿನಲ್ಲಿ ಬಂದವರಿಗೆ ಕವಳದ ತಟ್ಟೆ ಮುಂದಿಡದಿದ್ದರೆ ಮರ್ಯಾದೆ ಉಳಿಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗಸಂಸ್ಥೆ ಹೊಗೆಸೊಪ್ಪು ಸೇರಿದ ಎಲೆಅಡಿಕೆ ಕ್ಯಾನ್ಸರ್‌ಕಾರಕವೆಂದು 1985ರಲ್ಲಿ ಹೇಳಿತು. ಹೊಗೆಸೊಪ್ಪಿಲ್ಲದ ಅಡಿಕೆಯೂ ಕ್ಯಾನ್ಸರ್‌ಕಾರಕವೇ ಎಂದು 2004ರ ವರದಿಯಲ್ಲಿ ಹೇಳಿತು. ಅಡಿಕೆಯ ಮೇಲೆ ಆರೋಪ ಹೊರಿಸಿದರೆ ತೋಟದವರಿಗೆ ನೋವು, ಗುಟ್ಕಾದ ಮೇಲೆ ಹೊರಿಸಿದರೆ ಅಂಗಡಿಯವರಿಗೆ ಮುನಿಸು, ಬೀಡಿಯ ಮೇಲೆ ಹೊರಿಸಿದರೆ ಮನೆಯ ಯಜಮಾನರಿಗೇ ಸಿಟ್ಟು. ತಮ್ಮ ಮೇಲೆ ಹೊರಿಸಿದರೆ ಯಾರಿಗೂ ಏನೂ ಅನ್ನಿಸುವುದಿಲ್ಲ. ತಮ್ಮ ಸೇವೆಯ ನಿಜವಾದ ಬೆಲೆ ಇದು. ಎಲ್ಲರ ತಪ್ಪನ್ನೂ ಹೊತ್ತುಕೊಂಡು ಯಾರ ಚಟವನ್ನೂ ಮುಟ್ಟದ ಇಂಥ ಆರೋಪಿ ಬೇರೆಲ್ಲಿ ಸಿಗಬೇಕು?

ಒಂದು ಸಣ್ಣ ಸಂದೇಹವನ್ನು ಪರಿಹರಿಸಬೇಕು. ತಾವು ಏರಿದರೆ ಮೈಗೆಲ್ಲ ಏರುವವರು. ಹಾಗಿರುವಾಗ ಮಚ್ಚೆ ಮಾತ್ರ ಎಡಗೆನ್ನೆಯ ಮೂಲೆಯಲ್ಲಿ, ಹೊಗೆಸೊಪ್ಪನ್ನು ಒತ್ತರಿಸಿಡುವ ಅದೇ ಅಂಗುಲದಲ್ಲಿ ಏಕೆ ಏಳುತ್ತದೆ? ಕೆಳದುಟಿಯ ಹಿಂದೆ ಖೈನಿ ಇಡುವವರಿಗೆ ಕೆಳದುಟಿಯ ಹಿಂದೆಯೇ ಏಕೆ? ಆಂಧ್ರದ ಶ್ರೀಕಾಕುಳಂ ಕಡೆ ಚುಟ್ಟಾವನ್ನು ಉರಿಯುವ ತುದಿ ಬಾಯೊಳಗಿಟ್ಟು ಸೇದುವ ಹೆಂಗಸರಿಗೆ ಅಂಗುಳಿನಲ್ಲೇ ಏಕೆ? ವಿಳಾಸ ಹುಡುಕುವುದರಲ್ಲಿ ತಮಗೆ ಇಷ್ಟು ಕರಾರುವಾಕ್ಕಾದ ಅಭ್ಯಾಸವಿದೆ ಎಂದು ನನಗೆ ಗೊತ್ತಿರಲಿಲ್ಲ.

ಗುಟ್ಕಾ, ಪಾನ್ ಮಸಾಲ ಅಗಿಯುವ ಹುಡುಗರಿಗೆ ತಾವು ಇನ್ನೊಂದು ಉಪಕಾರ ಮಾಡುತ್ತಿದ್ದೀರಿ. ಮೊದಮೊದಲು ಸಾರಿನ ಖಾರ ತಡೆಯಲಾಗದಷ್ಟು ಉರಿ. ಉರಿಯೆಂದರೆ ಉಷ್ಣವೇ ಎಂದು ಮಜ್ಜಿಗೆ ಕುಡಿಯುತ್ತಾರೆ. ಅಷ್ಟರಲ್ಲಿ ಅಡಿಕೆಯ ರಸಕ್ಕೆ ಕೆನ್ನೆಯ ಒಳಪದರದಲ್ಲಿ ನಾರು ಬೆಳೆದು ಚರ್ಮ ಬಿಳಿಚಿಕೊಂಡು ಗಟ್ಟಿಯಾಗುತ್ತಾ ಹೋಗುತ್ತದೆ. ಒಂದರ ಮೇಲೊಂದು ಮೂರು ಬೆರಳು ಹಿಡಿಸಬೇಕಾದ ಬಾಯಿಗೆ ಎರಡು, ಆಮೇಲೆ ಒಂದು ಬೆರಳು ಹಿಡಿಸುವುದೂ ಕಷ್ಟ. ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂಬ ಈ ರೋಗದಲ್ಲಿ ಒಮ್ಮೆ ಬೆಳೆದ ನಾರು ಹಿಂದೆ ಸರಿಯುವುದು ಅಪರೂಪ, ಕ್ಯಾನ್ಸರಿನ ಹೆದರಿಕೆಯೂ ಜೊತೆಗಿರುತ್ತದೆ. ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು. ನಿಷೇಧದ ಗೌರವಾರ್ಥ ಅಡಿಕೆಯ ಪಾಕೀಟು ಬೇರೆ, ಹೊಗೆಸೊಪ್ಪಿನ ಪಾಕೀಟು ಬೇರೆಯಾಗಿ ಒಂದೇ ಕಡೆ ನೇತಾಡತೊಡಗಿದವು. ಕಾನೂನು ಬೇರೆ ಮಾಡಿದ್ದನ್ನು ಗಿರಾಕಿ ಅಂಗೈಯಲ್ಲಿ ಕೂಡಿಸಿಕೊಳ್ಳುತ್ತಾನೆ. ಭಾರತದ ಗಂಡಸರಿಗೆ ಬರುವ ಕ್ಯಾನ್ಸರುಗಳಲ್ಲಿ ಬಾಯಿಯದೇ ಮೊದಲು ಎಂದು ಗ್ಲೋಬೋಕಾನ್ ಎಂಬ ಜಾಗತಿಕ ಕ್ಯಾನ್ಸರ್ ಲೆಕ್ಕಾಚಾರದ 2022ರ ಅಂದಾಜು ಹೇಳುತ್ತದೆ.

ಇದೆಲ್ಲ ತಿಳಿವಳಿಕೆ ಇಲ್ಲದವರ ಕತೆ ಎಂದು ತಾವು ಜಾರಿಕೊಳ್ಳುವಂತಿಲ್ಲ. ವಿಯೆನ್ನಾದ ಸಿಗ್ಮಂಡ್ ಫ್ರಾಯ್ಡ್ ಸ್ವತಃ ವೈದ್ಯರು, ಜನ ತಮ್ಮಿಂದ ತಾವೇ ಮುಚ್ಚಿಟ್ಟುಕೊಳ್ಳುವುದನ್ನು ಹೊರಗೆಳೆಯುವುದೇ ಅವರ ಕಸುಬು. 1923ರ ಆರಂಭದಲ್ಲಿ ತಮ್ಮ ಬಾಯಲ್ಲೇ ಗಡ್ಡೆಯೊಂದನ್ನು ಕಂಡು ಅವರು ವಾರಗಟ್ಟಲೆ ಯಾರಿಗೂ ಹೇಳಲಿಲ್ಲ. ಹೇಳಿದರೆ ಚುಟ್ಟಾ ಬಿಡಿಸುತ್ತಾರೆಂಬ ಭಯ. ತೋರಿಸಿದಾಗ ಆಪ್ತ ವೈದ್ಯರು ಅದು ಲ್ಯೂಕೋಪ್ಲೇಕಿಯಾ ಎಂದು ಸಮಾಧಾನ ಹೇಳಿದರು. ಕ್ಯಾನ್ಸರಿನ ಗುಮಾನಿಯನ್ನು ಒಳಗೇ ಇಟ್ಟುಕೊಂಡರು. ಆಮೇಲೆ ಮೇಲ್ದವಡೆ, ಅಂಗುಳುಗಳ ಭಾಗ ಹೋಯಿತು, ಕೃತಕ ಅಂಗುಳು ಬಂತು, ಮೂವತ್ತಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳಾದವು. ಚುಟ್ಟಾ ಮಾತ್ರ ಹೋಗಲಿಲ್ಲ. 1939ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು. ವಿಯೆನ್ನಾದಲ್ಲಿ ತಾವು ಇರಲಿಲ್ಲ. ತಮ್ಮ ಜಾಗದಲ್ಲಿ ವೈದ್ಯಶಾಸ್ತ್ರದ ಹೆಸರೊಂದೇ ಕೂತು ಅದೇ ಕೆಲಸ ಮಾಡಿತು. ತಮಗೆ ಒಂದಿಷ್ಟು ಸಮಾಧಾನವಾಗಲೆಂದು ಇದನ್ನು ಹೇಳಿದೆ.

ಸಮಾಧಾನವಾಗದ ಸುದ್ದಿಗಳೂ ಇವೆ. ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ 1996ರಲ್ಲಿ ಒಂದು ಪ್ರಯೋಗ ಶುರುವಾಯಿತು. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಬಾಯಿ ತೆರೆಸಿ ಕಣ್ಣಾರೆ ನೋಡಿದರು, ಸಂಶಯ ಬಂದವರನ್ನು ಡಾಕ್ಟರ ಬಳಿ ಕಳಿಸಿದರು. ಸ್ಕ್ಯಾನಿಂಗ್ ಇಲ್ಲ, ದುಬಾರಿ ಯಂತ್ರವಿಲ್ಲ. ಬೆಳಕು ಮತ್ತು ಕಣ್ಣು. 2005ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಹೊಗೆಸೊಪ್ಪು ಅಥವಾ ಮದ್ಯದ ಚಟವಿದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಸುಮಾರು ಮೂರನೇ ಒಂದರಷ್ಟು ಇಳಿಯಿತು. ಅದಕ್ಕೂ ಮೊದಲು, ದೇಶದ ಗ್ರಾಮೀಣ ಭಾಗದ 36 ಸಾವಿರ ತಂಬಾಕು ಬಳಕೆದಾರರ ಬೆನ್ನುಹತ್ತಿದ ಇನ್ನೊಂದು ಅಧ್ಯಯನ 1986ರಲ್ಲಿ ಪ್ರಕಟವಾಗಿತ್ತು. ಬುದ್ಧಿ ಹೇಳಿ ಚಟ ಬಿಡಿಸಿದ ಕಡೆ ಹೊಸ ಮಚ್ಚೆಗಳೇ ಕಡಿಮೆಯಾಗುತ್ತವೆ ಎಂದು ಅದು ತೋರಿಸಿತು. ಅದೇ ಮಚ್ಚೆಗೆ ವಿಟಮಿನ್, ಲೈಕೋಪೀನ್ ಮಾತ್ರೆಗಳನ್ನು ಕೊಟ್ಟು ನೋಡಿದವರೂ ಇದ್ದಾರೆ. ಕೆಲವು ಮಾತ್ರೆಗಳಿಂದ ಮಚ್ಚೆ ಮಾಸುತ್ತದೆ, ಮತ್ತೆ ಬರುವುದೂ ಉಂಟು; ಆದರೆ ಕ್ಯಾನ್ಸರನ್ನು ತಡೆಯುತ್ತದೆ ಎನ್ನಲು ಪುರಾವೆ ಸಿಕ್ಕಿಲ್ಲ ಎಂದು ಅಂಥ ಪ್ರಯೋಗಗಳನ್ನೆಲ್ಲ ಒಟ್ಟಿಗೆ ತೂಗಿದ 2016ರ ಕಾಕ್ರೇನ್ ಸಮೀಕ್ಷೆ ಹೇಳಿತು. ಶಸ್ತ್ರಚಿಕಿತ್ಸೆಯಲ್ಲಿ ಕಿತ್ತುಹಾಕಿದ ಮೇಲೂ ವರ್ಷಗಟ್ಟಲೆ ಕಣ್ಣಿಟ್ಟಿರಲೇಬೇಕು. ಸ್ಟ್ರಿಪ್ಪಿನಲ್ಲಿ ಸಿಗದ ಚಿಕಿತ್ಸೆಯೆಂದರೆ ಇದೇ: ಚಟ ಬಿಡುವುದು, ನೋಡುತ್ತಿರುವುದು.

ನೋಡುವವರು ದೂರದಲ್ಲೂ ಇಲ್ಲ. ಸರ್ಕಾರದ ಕಾರ್ಯಕ್ರಮದಲ್ಲಿ 30 ದಾಟಿದವರಿಗೆ ಬಿಪಿ, ಶುಗರಿನ ಜೊತೆಗೆ ಬಾಯಿ ತಪಾಸಣೆಯೂ ಸೇರಿದೆ. ಮನೆ ಬಾಗಿಲಿಗೆ ಬಂದು ಪಟ್ಟಿ ತುಂಬಿಸಿಕೊಳ್ಳುವ ಆಶಾ ಕಾರ್ಯಕರ್ತೆ ‘ಬಾಯಲ್ಲಿ ಬಿಳಿ, ಕೆಂಪು ಮಚ್ಚೆ ಏನಾದರೂ ಇದೆಯಾ ಅಣ್ಣಾ?’ ಎಂದು ಕೇಳುತ್ತಾಳೆ. ಅಣ್ಣ ಬಾಯಲ್ಲಿದ್ದದ್ದನ್ನು ಉಗುಳಿ ಬಂದು, ‘ಎಂಥದೂ ಇಲ್ಲಮ್ಮ, ಸ್ವಲ್ಪ ಉಷ್ಣ ಅಷ್ಟೇ’ ಎನ್ನುತ್ತಾನೆ. ಪಟ್ಟಿಯಲ್ಲಿ ‘ಇಲ್ಲ’ ಎಂಬ ಕಾಲಮಿನಲ್ಲಿ ಗುರುತು ಬೀಳುತ್ತದೆ. ತಮ್ಮ ಆಡಳಿತದ ದಕ್ಷತೆಗೆ ಇದಕ್ಕಿಂತ ಸಾಕ್ಷಿ ಬೇಕೆ?

ಆದ್ದರಿಂದ ಸನ್ಮಾನ್ಯರೇ, ತಮ್ಮ ರಾಜೀನಾಮೆ ಕೇಳುವ ಧೈರ್ಯ ನನಗಿಲ್ಲ. ಕೇಳಿದರೂ ಮನೆಯ ಹಿರಿಯರು ಅಂಗೀಕರಿಸುವುದಿಲ್ಲ. ಈ ಕೆಳಗಿನ ಷರತ್ತುಗಳಿಗೆ ಒಪ್ಪಿದರೆ ಸಾಕು.

ಒಂದು: ಬಾಯಲ್ಲಿ ಬಿಳಿ ಮಚ್ಚೆ ಅಥವಾ ಹುಣ್ಣು ಏನೇ ಕಂಡರೂ ಮೊದಲ ಎರಡು ವಾರ ತಾವೇ ಅಧಿಕಾರದಲ್ಲಿರಿ. ಎಳನೀರು, ತಂಬುಳಿ, ಮಜ್ಜಿಗೆ ಎಲ್ಲವೂ ತಮ್ಮ ಹೆಸರಿನಲ್ಲೇ ನಡೆಯಲಿ. ಹದಿನೈದನೇ ದಿನವೂ ಅದು ಅಲ್ಲೇ ಇದ್ದರೆ ಕಡತವನ್ನು ಹಲ್ಲಿನ ಡಾಕ್ಟರಿಗೆ ಒಪ್ಪಿಸಿ. ಕೆಂಪು ಮಚ್ಚೆ, ಗಂಟು, ನಾಲಗೆ ಜೋಮು, ನುಂಗಲು ತೊಂದರೆ, ಕಾರಣವಿಲ್ಲದೆ ರಕ್ತ ಇದ್ದರೆ ಆ ಎರಡು ವಾರವೂ ತಮಗಿಲ್ಲ.

ಎರಡು: ಹೊಗೆಸೊಪ್ಪು, ಕಡ್ಡಿಪುಡಿ, ಗುಟ್ಕಾ, ಅಡಿಕೆ, ಬೀಡಿ, ಸಿಗರೇಟುಗಳ ಪರವಾಗಿ ತಪ್ಪೊಪ್ಪಿಗೆ ಬರೆದುಕೊಡುವುದನ್ನು ನಿಲ್ಲಿಸಿ. ಅವರವರ ತಪ್ಪು ಅವರವರ ಹೆಸರಿನಲ್ಲಿರಲಿ.

ಮೂರು: ತಿಂಗಳಿಗೊಮ್ಮೆ ಒಳ್ಳೆಯ ಬೆಳಕಿನಲ್ಲಿ ಕನ್ನಡಿ ಹಿಡಿದು, ಕೆನ್ನೆ ಎಳೆದು, ನಾಲಗೆಯನ್ನು ಎರಡೂ ಪಕ್ಕಕ್ಕೆ ಚಾಚಿ, ಎತ್ತಿ ಅಡಿಯನ್ನೂ ನೋಡಿಕೊಳ್ಳುವವರನ್ನು ‘ಹೆದರುಪುಕ್ಕಲ’ ಎಂದು ಆಡಿಕೊಳ್ಳದಿರಲು ತಮ್ಮ ಅಭಿಮಾನಿಗಳಿಗೆ ಸೂಚನೆ ಕೊಡಿ.

ಅಂಗಾಲು, ನೆತ್ತಿ, ಮೊಡವೆಗಳ ಮೇಲೆ ತಮ್ಮ ಪೂರ್ಣಾಧಿಕಾರ ಎಂದಿನಂತೆ ಮುಂದುವರಿಯತಕ್ಕದ್ದು.

ಇಂತಿ ತಮ್ಮ ವಿಧೇಯ,
ತಮ್ಮ ಹೆಸರಿನಲ್ಲಿ ಸಾಕಷ್ಟು ಕಷಾಯ ಕುಡಿದಿರುವ ಒಬ್ಬ ಕನ್ನಡಿಗ

ಪ್ರತಿಗಳು:
1. ಬಿ-ಕಾಂಪ್ಲೆಕ್ಸ್ ಮಾತ್ರೆಯವರಿಗೆ: ಮಾಹಿತಿಗಾಗಿ. ವಿಟಮಿನ್ ಕೊರತೆ ನಿಜವಾಗಿ ಇರುವ ಕಡೆ ತಮ್ಮ ಸೇವೆ ಅಗತ್ಯ. ಉಳಿದ ಕಡೆ ಪರವಾನಗಿ ರದ್ದು.
2. ಚಿಕ್ಕಪ್ಪನವರಿಗೆ: ತಾವು ಗುಂಡುಕಲ್ಲಿನ ಹಾಗಿರುವುದು ಸಂತೋಷ. ಆದರೂ ಈ ವಾರ ಒಮ್ಮೆ ಬಾಯಿ ತೋರಿಸಿ ಬನ್ನಿ.
3. ಕಚೇರಿ ಪ್ರತಿ: ಕನ್ನಡಿಯ ಪಕ್ಕದಲ್ಲಿ ಅಂಟಿಸತಕ್ಕದ್ದು.